ತಲೆ ಲೆಕ್ಕದಿಂದ ಸಿಯೆಮ್ ರೀಪ್‌ನ ಹೊಟ್ಟೆ ತುಂಬುವುದಿಲ್ಲ

ಕಾಂಬೋಡಿಯದ ಪ್ರವಾಸೋದ್ಯಮ ಕೋವಿಡ್ ಹೊಡೆತದಿಂದ ಪೂರ್ತಿ ಎದ್ದು ನಿಂತಿತು ಅಂತ 2024ರ ಅಂಕಿ ಹಿಡಿದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಕಿ ಸುಳ್ಳಲ್ಲ. 2019ರಲ್ಲಿ 66 ಲಕ್ಷ ವಿದೇಶಿಯರು ಬಂದಿದ್ದರು, 2024ರಲ್ಲಿ 67 ಲಕ್ಷ. ಆದರೆ ಅದೇ 2024ರಲ್ಲಿ ಸಿಯೆಮ್ ರೀಪ್ ಊರಿನ ಪಕ್ಕದ ಅಂಗ್ಕೋರ್ ದೇಗುಲಗಳನ್ನು ನೋಡಲು ಟಿಕೆಟ್ ತಗೊಂಡ ವಿದೇಶಿಯರು ಎಷ್ಟು? ಸುಮಾರು 10 ಲಕ್ಷ. 2019ರಲ್ಲಿ ಅದು 22 ಲಕ್ಷ ಇತ್ತು, 2018ರಲ್ಲಿ ಹತ್ತಿರ ಹತ್ತಿರ 26 ಲಕ್ಷ. ಟಿಕೆಟ್ ಆದಾಯ 2018ರಲ್ಲಿ 11.6 ಕೋಟಿ ಡಾಲರ್ ಇದ್ದದ್ದು 2024ಕ್ಕೆ 4.8 ಕೋಟಿ ಡಾಲರ್‌ಗೆ ಇಳಿದಿದೆ. ಅಷ್ಟು ದೂರದಿಂದ ಕಾಂಬೋಡಿಯಕ್ಕೆ ಹೋಗಿ ಅಂಗ್ಕೋರ್ ನೋಡದೆ ವಾಪಸ್ ಬರುವವರು ಯಾರಿದ್ದಾರೆ? ಹಾಗಾದರೆ ಆ 67 ಲಕ್ಷ ಜನ ಯಾರು?

ಉತ್ತರ ಗಡಿಯಲ್ಲಿದೆ. 2019ರಲ್ಲಿ ಥಾಯ್ಲೆಂಡಿನಿಂದ ಬಂದವರು 5 ಲಕ್ಷದ ಒಳಗೇ ಇದ್ದರು, 2024ರಲ್ಲಿ 20 ಲಕ್ಷ ದಾಟಿದರು. ವಿಯೆಟ್ನಾಂನಿಂದ 13 ಲಕ್ಷದ ಸುಮಾರು. ಇವರಲ್ಲಿ ತುಂಬಾ ಜನ ರಸ್ತೆ ಮೇಲೆ ಗಡಿ ದಾಟಿ, ಪೊಯಿಪೆಟ್, ಬಾವೆಟ್‌ನಂಥ ಗಡಿ ಊರುಗಳ ಕ್ಯಾಸಿನೊಗೋ ವ್ಯಾಪಾರಕ್ಕೋ ಬಂದು ಹೋಗುವವರು. ಬಂದವರು ಬಂದವರೇ, ತಪ್ಪೇನಿಲ್ಲ. ಆದರೆ ಆ ಹಣದಲ್ಲಿ ಸಿಯೆಮ್ ರೀಪ್‌ನ ಗೆಸ್ಟ್‌ಹೌಸ್ ಹೆಂಗಸಿಗೆ, ಟುಕ್‌ಟುಕ್ (ಬೈಕಿಗೆ ಕಟ್ಟಿದ ಗಾಡಿ) ಓಡಿಸುವವನಿಗೆ, ಹಳೇ ಮಾರ್ಕೆಟ್ಟಿನಲ್ಲಿ ಕ್ರೊಮಾ ಅನ್ನುವ ಚೌಕಳಿ ವಸ್ತ್ರ ಮಾರುವ ಹುಡುಗಿಗೆ ಏನೂ ಬರುವುದಿಲ್ಲ. ತಲೆ ಎಣಿಸಿದರೆ ದೇಶ ಗೆದ್ದಿದೆ, ರಾತ್ರಿ ಎಣಿಸಿದರೆ ಊರು ಸೋತಿದೆ. ಪ್ರವಾಸಿ ಒಂದು ಊರಿನಲ್ಲಿ ಎಷ್ಟು ರಾತ್ರಿ ಮಲಗಿದ ಅನ್ನುವುದೇ ನಿಜವಾದ ಲೆಕ್ಕ.

ನಾನು ಬೆಂಗಳೂರಿನಿಂದ ವಿಯೆಟ್ನಾಂ, ಕಾಂಬೋಡಿಯ ಕಡೆಗೆ ಚಿಕ್ಕ ಚಿಕ್ಕ ಗುಂಪು ಕರೆದುಕೊಂಡು ಹೋಗುವ ಕೆಲಸ ಮಾಡುತ್ತೇನೆ. ಆ ಊರಿನ ಗೈಡುಗಳು, ಡ್ರೈವರ್‌ಗಳು, ಹೋಟೆಲಿನವರು ನನಗೆ ಬರೀ ವ್ಯಾಪಾರದ ಪರಿಚಯ ಅಲ್ಲ. ಅವರ ಮನೆ ಊಟ ಉಂಡಿದ್ದೇನೆ. ಅದಕ್ಕೇ ಈ ವಿಷಯ ಸುಮ್ನೆ ಬಿಡೋಕೆ ಮನಸ್ಸಾಗುತ್ತಿಲ್ಲ.

ಅಂಗ್ಕೋರ್‌ಗೆ ಬರುವವರು ಕಮ್ಮಿಯಾಗಿದ್ದರಲ್ಲಿ ಚೀನಾದವರದ್ದೂ ಕೊರಿಯಾದವರದ್ದೂ ದೊಡ್ಡ ಪಾಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ನಾನು ಯುರೋಪಿನವರು ಕಮ್ಮಿಯಾದದ್ದರ ಬಗ್ಗೆಯೇ ಬರೆಯುತ್ತಿರುವುದಕ್ಕೆ ಕಾರಣ ಇದೆ. ಫ್ರಾನ್ಸ್, ಸ್ಪೇನ್, ಇಟಲಿ, ಜರ್ಮನಿ, ಇಂಗ್ಲೆಂಡ್‌ನವರು ಅಷ್ಟು ದೂರದಿಂದ ಬಂದರೆ ಒಂದು ರಾತ್ರಿಗೆ ಬರುವುದಿಲ್ಲ. ನಾಲ್ಕೈದು ದಿನ ಇರುತ್ತಾರೆ. ಬೆಳಿಗ್ಗೆ ಅಂಗ್ಕೋರ್ ವಾಟ್, ಮಧ್ಯಾಹ್ನ ಸೆಕೆ ತಡೆಯಲಾರದೆ ರೂಮಿಗೆ, ಸಂಜೆ ಮತ್ತೆ ಬಾಯೊನ್ ದೇಗುಲ. ಒಂದು ದಿನ ಬಾಂತೆಯ್ ಸ್ರೈ ದೇಗುಲ, ಒಂದು ದಿನ ತೊನ್ಲೆ ಸಾಪ್ ಸರೋವರದ ಹಳ್ಳಿ, ಒಂದು ರಾತ್ರಿ ಫಾರ್ ಸರ್ಕಸ್. ಬಟ್ಟೆ ಒಗೆಯಲು ಹಾಕುತ್ತಾರೆ. ಸೈಕಲ್ ಬಾಡಿಗೆ ತಗೊಳ್ಳುತ್ತಾರೆ. ಅಡುಗೆ ಕಲಿಸುವ ಕ್ಲಾಸಿಗೆ ಸೇರಿ ಅಮೊಕ್ ಮೀನಿನ ಸಾರು ಮಾಡುವುದು ಕಲಿಯುತ್ತಾರೆ. ಒಂದೊಂದಕ್ಕೂ ಒಂದಿಷ್ಟು ಡಾಲರ್. ಆ ಹಣ ಯಾವ ದೊಡ್ಡ ಕಂಪನಿಗೂ ಹೋಗದೆ ನೇರವಾಗಿ ಬೀದಿಯವರ ಕೈಗೆ ಹೋಗುತ್ತಿತ್ತು. ಪ್ಯಾಕೇಜಿನಲ್ಲಿ ಬಸ್ಸಿನಿಂದ ಇಳಿದು, ಗೊತ್ತು ಮಾಡಿದ ಅಂಗಡಿಯಲ್ಲೇ ಖರೀದಿಸಿ, ಗೊತ್ತು ಮಾಡಿದ ಹೋಟೆಲಲ್ಲೇ ಉಂಡು ಹೋಗುವ ಗುಂಪಿನಿಂದ ಈ ಕೆಲಸ ಆಗುವುದಿಲ್ಲ, ಆ ಗುಂಪು ಯಾವ ದೇಶದ್ದೇ ಆಗಿರಲಿ.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಕಾಂಬೋಡಿಯದಲ್ಲಿ ಸೀಸನ್ ಅಂದರೆ ನವೆಂಬರಿನಿಂದ ಮಾರ್ಚ್. ಆಗಸ್ಟ್ ಮಳೆಗಾಲ, ಬೇರೆಯವರು ಬರುವುದು ಕಮ್ಮಿ. ಆದರೆ ಸ್ಪೇನ್, ಇಟಲಿ, ಫ್ರಾನ್ಸಿನವರಿಗೆ ದೊಡ್ಡ ರಜೆ ಸಿಗುವುದೇ ಆಗಸ್ಟಿನಲ್ಲಿ. ಮಳೆ ಆದರೂ ಬರುತ್ತಿದ್ದರು. ವರ್ಷದ ಅತಿ ಬಡ ತಿಂಗಳುಗಳಲ್ಲಿ ಒಲೆ ಉರಿಯುತ್ತಿದ್ದದ್ದು ಅವರಿಂದ. ಈಗ ಆ ಆಗಸ್ಟ್ ಸೊರಗಿದೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕೈಸಾಲದಲ್ಲೇ ಬದುಕಬೇಕು.

ನನ್ನ ಪರಿಚಯದ ಗೈಡ್ ಒಬ್ಬರಿದ್ದಾರೆ, ಐವತ್ತರ ಆಸುಪಾಸಿನವರು. ವರ್ಷಗಟ್ಟಲೆ ಕೂತು ಸ್ಪ್ಯಾನಿಷ್ ಕಲಿತವರು. ಅಲ್ಲಿ ಗೈಡುಗಳಿಗೆ ಭಾಷೆಯೇ ಬಂಡವಾಳ. ಇಂಗ್ಲಿಷ್ ಗೈಡುಗಳು ತುಂಬಾ ಜನ, ದರ ಕಮ್ಮಿ. ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಬಲ್ಲವರು ಕಮ್ಮಿ, ದರ ಜಾಸ್ತಿ. ಆ ಲೆಕ್ಕ ಹಾಕಿಯೇ ಅವರು ಕಲಿತದ್ದು. ಈಗ ಅವರು ನಮ್ಮ ಗುಂಪಿಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅಂಗ್ಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನದ ಉದ್ದನೆಯ ಕೆತ್ತನೆ ಇದೆಯಲ್ಲ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಎಳೆಯುತ್ತಿರುವುದು, ಅಲ್ಲಿ ನಿಂತು ಗೋಡೆಗೆ ಬೆರಳು ತಾಗಿಸದೆ ಒಬ್ಬೊಬ್ಬರನ್ನೇ ತೋರಿಸುತ್ತಾ ಎಣಿಸುವಾಗ ಅವರ ಬಾಯಲ್ಲಿ ತಾನಾಗೇ ಸ್ಪ್ಯಾನಿಷ್ ಸಂಖ್ಯೆಗಳು ಬರುತ್ತವೆ. ಅಷ್ಟು ವರ್ಷ ಆ ಭಾಷೆಯಲ್ಲೇ ಎಣಿಸಿದ್ದಾರೆ. ಅವರ ಜೊತೆ ಕಲಿತ ಕೆಲವರು ಗೈಡ್ ಕೆಲಸವನ್ನೇ ಬಿಟ್ಟು ಹಳ್ಳಿಗೆ ಹೋಗಿ ಭತ್ತ ಬೆಳೆಯುತ್ತಿದ್ದಾರಂತೆ. ವಯಸ್ಸಾದ ಮೇಲೆ ಹೊಸದಾಗಿ ಚೀನೀ ಭಾಷೆ ಕಲಿಯಿರಿ ಅಂದರೆ ಎಲ್ಲಿಂದ ಆಗುತ್ತದೆ?

ಯುರೋಪಿನವರು ಯಾಕೆ ದೂರವಾದರು? ಉಕ್ರೇನ್ ಯುದ್ಧ, ಕರೆಂಟ್ ಬಿಲ್ಲು, ವಿಮಾನದ ದರ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಒಂದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಡಾಲರ್.

ಕಾಂಬೋಡಿಯದಲ್ಲಿ ಸ್ವಂತ ನಾಣ್ಯ ರಿಯೆಲ್ ಇದ್ದರೂ ಪ್ರವಾಸಿಗರ ವ್ಯವಹಾರ ಎಲ್ಲಾ ಡಾಲರಿನಲ್ಲೇ. ರಿಯೆಲ್ ಕೂಡ ಒಂದು ಡಾಲರ್‌ಗೆ 4,000 ಚಿಲ್ಲರೆ ಅಂತ ಹೆಚ್ಚುಕಡಿಮೆ ಕಟ್ಟಿಹಾಕಿದ ಹಾಗೆ ನಿಂತಿದೆ. ಹಾಗಾಗಿ ಯೂರೊ ಬಿದ್ದಾಗ ಕಾಂಬೋಡಿಯ ತಾನಾಗೇ ದುಬಾರಿಯಾಗುತ್ತದೆ, ಅಲ್ಲಿಯ ಸರ್ಕಾರ ಏನೂ ಮಾಡಲು ಬರುವುದಿಲ್ಲ. 2008ರ ಬೇಸಿಗೆಯಲ್ಲಿ ಒಂದು ಯೂರೊಗೆ 1.60 ಡಾಲರ್ ಹತ್ತಿರ ಸಿಗುತ್ತಿತ್ತು. ಆಗ ಅಂಗ್ಕೋರ್‌ನ ಒಂದು ದಿನದ ಟಿಕೆಟ್ 20 ಡಾಲರ್. ಅಂದರೆ ಫ್ರೆಂಚ್ ಪ್ರವಾಸಿಯ ಜೇಬಿನಿಂದ ಹೋಗುತ್ತಿದ್ದದ್ದು 12-13 ಯೂರೊ. 2017ರ ಫೆಬ್ರವರಿಯಲ್ಲಿ ಆ ಟಿಕೆಟ್‌ಗೆ ಒಂದೇ ಏಟಿಗೆ 37 ಡಾಲರ್ ಮಾಡಿದರು. ಮೂರು ದಿನದ್ದು 40ರಿಂದ 62. 2022ರ ಸೆಪ್ಟೆಂಬರ್ ಹೊತ್ತಿಗೆ ಯೂರೊ ಒಂದು ಡಾಲರಿಗಿಂತ ಕೆಳಗೆ ಬಿತ್ತು. ಆಗ ಅದೇ ಒಂದು ದಿನದ ಟಿಕೆಟ್ 37 ಯೂರೊಗೂ ಮೇಲೆ. ಹದಿನಾಲ್ಕು ವರ್ಷದಲ್ಲಿ ಮೂರು ಪಟ್ಟು! ಅದೂ ಕೋವಿಡ್ ಮುಗಿದು ಊರು ಮತ್ತೆ ಬಾಗಿಲು ತೆಗೆದು ಕಾಯುತ್ತಿದ್ದ ಹೊತ್ತಿನಲ್ಲಿ. ಆಮೇಲೆ ಯೂರೊ ಚೇತರಿಸಿಕೊಂಡಿದೆ, ಆದರೆ ಆ ಹೊತ್ತಿಗೆ ಜನ ಬೇರೆ ದಾರಿ ಹಿಡಿದಾಗಿತ್ತು.

ಬೇರೆ ದಾರಿ ಅಂದರೆ ಪಕ್ಕದ ಮನೆ. ವಿಯೆಟ್ನಾಂ 2023ರ ಆಗಸ್ಟ್‌ನಿಂದ ಫ್ರಾನ್ಸ್, ಜರ್ಮನಿ, ಸ್ಪೇನ್, ಇಟಲಿ, ಇಂಗ್ಲೆಂಡ್‌ನವರಿಗೆ ವೀಸಾ ಇಲ್ಲದೆ 45 ದಿನ ಇರಲು ಬಿಟ್ಟಿತು. ಕಾಂಬೋಡಿಯ ಅವರಿಂದ ವೀಸಾಕ್ಕೆ 30 ಡಾಲರ್ ತೆಗೆದುಕೊಳ್ಳುತ್ತಲೇ ಇತ್ತು. ನಾಲ್ಕು ಜನರ ಸಂಸಾರಕ್ಕೆ ಬಾಗಿಲಲ್ಲೇ 120 ಡಾಲರ್. ಯುರೋಪಿನಿಂದ ನೇರ ವಿಮಾನ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಬ್ಯಾಂಕಾಕ್‌ನಲ್ಲೋ ಸಿಂಗಾಪುರದಲ್ಲೋ ಬದಲಿಸಬೇಕು. ಬರುವವರಿಗೆ ಇಷ್ಟು ತೊಂದರೆ ಇಟ್ಟುಕೊಂಡು ಬರಲಿಲ್ಲ ಅಂತ ಅತ್ತರೆ ಏನು ಪ್ರಯೋಜನ?

ಟಿಕೆಟ್ ಹಣದ ಬಗ್ಗೆ ಒಂದು ಮಾತು ಹೇಳಲೇಬೇಕು. 2017ರಲ್ಲಿ ದರ ಏರಿಸಿದಾಗ ಪ್ರತಿ ಟಿಕೆಟ್‌ನಿಂದ 2 ಡಾಲರ್ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಅಂತ ಇಟ್ಟರು. ಇದು ನನಗೆ ತುಂಬಾ ಹತ್ತಿರದ ವಿಷಯ. ಸ್ವಿಟ್ಜರ್ಲೆಂಡಿನ ಡಾಕ್ಟರ್ ಬೆಯಾಟ್ ರಿಚ್ನರ್ ಆ ಆಸ್ಪತ್ರೆಗಳನ್ನು ನಡೆಸಿದವರು. ಬಡ ಮಕ್ಕಳಿಗೆ ಒಂದು ಕಾಸೂ ಇಲ್ಲದೆ ಚಿಕಿತ್ಸೆ. ಸಿಯೆಮ್ ರೀಪ್‌ನ ಆಸ್ಪತ್ರೆಯಲ್ಲಿ ಶನಿವಾರ ಸಂಜೆ ಅವರೇ ಚೆಲ್ಲೊ ನುಡಿಸಿ, ಕೇಳಲು ಬಂದ ಪ್ರವಾಸಿಗರ ಹತ್ತಿರ ಹಣ ಕೇಳುತ್ತಿದ್ದರು, ವಯಸ್ಸಾದವರಾದರೆ ಹಣ ಕೊಡಿ, ಎಳೆಯರಾದರೆ ರಕ್ತ ಕೊಡಿ ಅನ್ನುವ ಧಾಟಿಯಲ್ಲಿ. 2018ರಲ್ಲಿ ತೀರಿಕೊಂಡರು. ಈಗ ಲೆಕ್ಕ ಹಾಕಿ ನೋಡಿ. 26 ಲಕ್ಷ ಟಿಕೆಟ್ ಇದ್ದಾಗ ಆ ಎರಡೆರಡು ಡಾಲರ್ ಸೇರಿ 50 ಲಕ್ಷ ಡಾಲರ್ ದಾಟುತ್ತಿತ್ತು. 10 ಲಕ್ಷಕ್ಕೆ ಇಳಿದರೆ 20 ಲಕ್ಷ ಡಾಲರ್. ಪ್ರವಾಸಿ ಬರಲಿಲ್ಲ ಅಂದರೆ ಬರೀ ಬಿಯರ್ ಅಂಗಡಿಗೆ ನಷ್ಟ ಅಂದುಕೊಳ್ಳುವವರು ಇದನ್ನು ಒಂದು ಸಲ ಯೋಚಿಸಬೇಕು.

ಮತ್ತೆ ಟುಕ್‌ಟುಕ್‌ನವರು. ಹಳೇ ವಿಮಾನ ನಿಲ್ದಾಣ ಊರಿನಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಬಂದಿಳಿದ ಪ್ರವಾಸಿಯನ್ನು ಕೂರಿಸಿಕೊಂಡು ಬರುವ ಡ್ರೈವರ್ ದಾರಿಯಲ್ಲೇ ಮಾತಾಡಿ, ನಾಳೆ ಬೆಳಿಗ್ಗೆ ಸೂರ್ಯೋದಯಕ್ಕೆ ನಾನೇ ಬರುತ್ತೇನೆ ಅಂತ ಗೊತ್ತು ಮಾಡಿಕೊಳ್ಳುತ್ತಿದ್ದ. ಆ ಒಂದು ಸವಾರಿಯಿಂದ ಮೂರು ದಿನದ ಕೆಲಸ. 2023ರ ಅಕ್ಟೋಬರ್‌ನಲ್ಲಿ ಹೊಸ ನಿಲ್ದಾಣ ತೆರೆಯಿತು, ಚೀನಾ ಕಂಪನಿಯ ಬಂಡವಾಳ, ನೂರು ಕೋಟಿ ಡಾಲರ್‌ಗೂ ಮೇಲೆ ಖರ್ಚು. ಊರಿನಿಂದ 40 ಕಿಲೋಮೀಟರ್‌ಗೂ ಜಾಸ್ತಿ. ವಿಮಾನಗಳ ಅದುರಾಟಕ್ಕೆ ದೇಗುಲಗಳು ಹಾಳಾಗಬಾರದು ಅನ್ನುವ ಕಾರಣ ಒಪ್ಪತಕ್ಕದ್ದೇ. ಆದರೆ ಅಷ್ಟು ದೂರ ಬೈಕಿಗೆ ಕಟ್ಟಿದ ಗಾಡಿಯಲ್ಲಿ ಯಾರು ಬರುತ್ತಾರೆ? ಬಸ್ಸು, ವ್ಯಾನು ಆ ಸವಾರಿ ತಗೊಂಡವು. ಊರಿನೊಳಗೆ ಆ್ಯಪ್‌ನಲ್ಲಿ ಬರುವ ಆಟೊಗಳು ಬಂದಿವೆ, ನಮ್ಮ ಬಜಾಜ್ ಆಟೊಗಳೇ. ಒಂದೆರಡು ಡಾಲರಿಗೆ ಸವಾರಿ. ಪ್ರವಾಸಿಗೆ ಒಳ್ಳೆಯದೇ, ಆದರೆ ಕೆತ್ತನೆ ಮರದ ಚೆಂದದ ಗಾಡಿ ಸಾಲ ಮಾಡಿ ಮಾಡಿಸಿಕೊಂಡವನ ಗತಿ?

ಸಾಲ ಅಂದೆನಲ್ಲ, ನೋವು ಇರುವುದೇ ಅಲ್ಲಿ. ಕಾಂಬೋಡಿಯದಲ್ಲಿ ಮೈಕ್ರೊಫೈನಾನ್ಸ್ ಸಾಲ ಊರೂರಿಗೂ ಹರಡಿದೆ. ಸಾಲ ಚಿಕ್ಕದೇನಲ್ಲ, ಸರಾಸರಿ 3,000 ಡಾಲರ್ ದಾಟುತ್ತದೆ, ಮತ್ತು ತುಂಬಾ ಕಡೆ ಜಮೀನಿನ ಪತ್ರವನ್ನೇ ಅಡ ಇಡಬೇಕು. ಗೆಸ್ಟ್‌ಹೌಸಿಗೆ ಇನ್ನೆರಡು ರೂಮು ಕಟ್ಟಿಸಿದವರು, ಟುಕ್‌ಟುಕ್ ತಗೊಂಡವರು ಎಲ್ಲರೂ 2018ರ ಜನಸಂದಣಿ ನೋಡಿ ಸಾಲ ಎತ್ತಿದವರು. ಪ್ರವಾಸಿ ನಿಂತರೂ ಕಂತು ನಿಲ್ಲುವುದಿಲ್ಲ. ನಾನು ನೋಡಿದ ಒಂದು ಮನೆಯಲ್ಲಿ ಅಪ್ಪನ ಗಾಡಿ ಹೊರಗೆ ಟಾರ್ಪಾಲಿನ್ ಹೊದ್ದು ನಿಂತಿದೆ, ಮಗಳು ನೊಮ್ ಪೆನ್‌ನ ಗಾರ್ಮೆಂಟ್ ಫ್ಯಾಕ್ಟರಿಯಿಂದ ಕಳಿಸುವ ಹಣದಲ್ಲಿ ಅದೇ ಗಾಡಿಯ ಕಂತು ಕಟ್ಟುತ್ತಿದ್ದಾರೆ. ಅಂಥ ಫ್ಯಾಕ್ಟರಿಗಳಿಗೂ ಯುರೋಪು ಒಂದು ದೊಡ್ಡ ಗಿರಾಕಿ. ಮಾನವ ಹಕ್ಕುಗಳ ಉಲ್ಲಂಘನೆ ಅಂತ ಯುರೋಪಿಯನ್ ಒಕ್ಕೂಟ 2020ರ ಆಗಸ್ಟ್‌ನಲ್ಲಿ ಕಾಂಬೋಡಿಯಕ್ಕೆ ಕೊಟ್ಟಿದ್ದ ಸುಂಕ ವಿನಾಯಿತಿಯಲ್ಲಿ ಸುಮಾರು ಐದನೇ ಒಂದು ಭಾಗ ವಾಪಸ್ ತಗೊಂಡಿತು. ಆಳುವವರ ತಪ್ಪಿಗೆ ದುಡಿಯುವವರ ಮೇಲೆ ಬರೆ.

ಇಷ್ಟು ಸಾಲದು ಅಂತ 2025. ಥಾಯ್ಲೆಂಡ್ ಜೊತೆ ಗಡಿ ಜಗಳ ಜೂನ್‌ನಲ್ಲಿ ಗಡಿ ಬಂದ್ ಆಗುವ ತನಕ ಹೋಯಿತು, ಜುಲೈನಲ್ಲಿ ಐದು ದಿನ ಗುಂಡಿನ ಕಾಳಗ, ಡಿಸೆಂಬರ್‌ನಲ್ಲಿ ಮತ್ತೆ. ಯುರೋಪಿನ ಎಳೆಯ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಪೊಯಿಪೆಟ್ ದಾಟಿ ಸಿಯೆಮ್ ರೀಪ್‌ಗೆ ಬರುತ್ತಿದ್ದ ದಾರಿಯೇ ಮುಚ್ಚಿಹೋಯಿತು. ಜೊತೆಗೆ ಸೈಬರ್ ವಂಚನೆ ಕೇಂದ್ರಗಳ ಕೆಟ್ಟ ಹೆಸರು. ಡೇಟಾ ಎಂಟ್ರಿ ಕೆಲಸ ಅಂತ ನಂಬಿ ಹೋಗಿ ಸಿಕ್ಕಿಬಿದ್ದ ನೂರಾರು ಭಾರತೀಯರನ್ನು ನಮ್ಮ ರಾಯಭಾರ ಕಚೇರಿಯವರು ಬಿಡಿಸಿ ತಂದಿದ್ದು ನೀವು ಓದಿರುತ್ತೀರಿ. ಸಿಯೆಮ್ ರೀಪ್‌ನ ಬೀದಿಯಲ್ಲಿ ಸುತ್ತಾಡುವ ಪ್ರವಾಸಿಗೂ ಆ ಕೇಂದ್ರಗಳಿಗೂ ಸಂಬಂಧ ಇಲ್ಲ, ಆದರೆ ಫ್ರಾನ್ಸಿನ ಲಿಯಾನ್‌ನಲ್ಲಿ ಕೂತು ರಜೆ ಎಲ್ಲಿಗೆ ಅಂತ ಯೋಚಿಸುವ ತಾಯಿಗೆ ದೇಶದ ಹೆಸರು ಒಂದೇ ಅಲ್ವಾ?

ಕೆಲವು ಗೆಳೆಯರು ವಾದ ಮಾಡುತ್ತಾರೆ, ಬಿಳಿಯರು ಬರದಿದ್ದರೆ ಏನಂತೆ, ಫ್ರೆಂಚರು ಆ ದೇಶವನ್ನು 90 ವರ್ಷ ಆಳಿ ಹೀರಿದವರು, ಏಷ್ಯಾದವರೇ ಸಾಕು ಅಂತ. ಫ್ರೆಂಚರ ಆಳ್ವಿಕೆ ಒಳ್ಳೆಯದಿತ್ತು ಅಂತ ನಾನೂ ಹೇಳುವುದಿಲ್ಲ. ಯುರೋಪಿನ ಪ್ರವಾಸಿಗರೆಲ್ಲ ಸಾಧುಗಳೂ ಅಲ್ಲ. ಅನಾಥಾಶ್ರಮಗಳಿಗೆ ಹೋಗಿ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವ ಕೆಟ್ಟ ಚಾಳಿ ಆ ಊರಿನಲ್ಲಿ ಬೆಳೆದದ್ದು ಅವರಿಂದಲೂ ಹೌದು, ಅದು ನಿಂತರೆ ನನಗೆ ಖುಷಿ. ಆದರೆ ಇತಿಹಾಸದ ಬಾಕಿಯನ್ನು ಗೆಸ್ಟ್‌ಹೌಸ್ ನಡೆಸುವ ವಿಧವೆಯ ಕೈಯಲ್ಲಿ ಕಟ್ಟಿಸಬೇಡಿ. ಅವಳಿಗೆ ಬೇಕಿರುವುದು ನಾಲ್ಕು ರಾತ್ರಿ ಉಳಿಯುವ ಗಿರಾಕಿ, ಬಣ್ಣ ಅಲ್ಲ.

ಅದಕ್ಕೇ ನಮ್ಮವರಿಗೆ ಹೇಳಬೇಕು ಅನ್ನಿಸಿದ್ದು. ಕಾಂಬೋಡಿಯದಲ್ಲಿ ಯುದ್ಧ ಇನ್ನೂ ಮುಗಿಯದ ಕಾಲದಲ್ಲಿ, 1986ರಿಂದ 1993ರವರೆಗೆ, ಅಂಗ್ಕೋರ್ ವಾಟ್‌ನ ಕಲ್ಲುಗಳನ್ನು ಸರಿಮಾಡಲು ಹೋಗಿದ್ದು ನಮ್ಮ ಪುರಾತತ್ವ ಇಲಾಖೆಯವರು. ಆಮೇಲೆ ಅಲ್ಲಿಯ ತಾ ಪ್ರೋಮ್ ದೇಗುಲದಲ್ಲೂ ಕೆಲಸ ಮಾಡಿದರು. ಈಗ ಭಾರತೀಯ ಪ್ರವಾಸಿಗರು ಹೆಚ್ಚುತ್ತಿದ್ದಾರೆ, ಕನ್ನಡದವರೂ ತುಂಬಾ ಜನ. ಆದರೆ ನಮ್ಮ ಪ್ಯಾಕೇಜುಗಳಲ್ಲಿ ಸಿಯೆಮ್ ರೀಪ್‌ಗೆ ಎರಡೇ ರಾತ್ರಿ. ಒಂದು ದಿನದ ಟಿಕೆಟ್, ಮೂರೂ ಹೊತ್ತು ಇಂಡಿಯನ್ ರೆಸ್ಟೋರೆಂಟ್, ಬಸ್ಸು ಹತ್ತಿ ಇಳಿದು ಮುಗಿಯಿತು. ನನ್ನ ಗುಂಪಿನವರೇ ಮೂರನೇ ರಾತ್ರಿ ಯಾಕೆ ಸಾರ್, ವಿಯೆಟ್ನಾಂನಲ್ಲಿ ಒಂದು ದಿನ ಜಾಸ್ತಿ ಹಾಕಿ ಅನ್ನುತ್ತಾರೆ. ಮೂರು ದಿನದ ಟಿಕೆಟ್ 62 ಡಾಲರ್, ಒಂದು ದಿನದ್ದು 37. ಇನ್ನು 25 ಡಾಲರ್ ಹಾಕಿದರೆ ಇನ್ನೆರಡು ದಿನ. ಟುಕ್‌ಟುಕ್ ಇಡೀ ದಿನಕ್ಕೆ ಗೊತ್ತು ಮಾಡಿದರೆ ಸುಮಾರು 20 ಡಾಲರ್. ಸಸ್ಯಾಹಾರಿಗಳಿಗೂ ಅಲ್ಲಿ ಊಟಕ್ಕೆ ತೊಂದರೆ ಇಲ್ಲ, ಮೀನಿನ ಸಾಸ್ ಹಾಕಬೇಡಿ ಅಂತ ಮೊದಲೇ ಹೇಳಿದರೆ ತರಕಾರಿ ಅಮೊಕ್ ಮಾಡಿಕೊಡುತ್ತಾರೆ. ಈ ಸಲ ಆಗಸ್ಟ್ ಕೊನೆಗೆ ನಾನು ಹಾಕಿರುವ ಗುಂಪಿನಲ್ಲಿ ಸಿಯೆಮ್ ರೀಪ್‌ಗೆ ನಾಲ್ಕು ರಾತ್ರಿ ಇಟ್ಟಿದ್ದೇನೆ, ಮಳೆ ಇರುತ್ತದೆ, ಕೊಡೆ ತನ್ನಿ. ಇಂಗ್ಲಿಷಿನಲ್ಲಿ ಹೇಳುವ ಗೈಡ್ ಆ ಸ್ಪ್ಯಾನಿಷ್ ಕಲಿತವರೇ.