ಖಡ್ಗ ಕಟ್ಟಿಕೊಂಡವರು ಚಿತ್ರಾನ್ನದ ಸಾಲಿನಲ್ಲಿ

ನಾನಿರುವುದು ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನಲ್ಲಿ. ತಿಂಗಳಿಗೊಂದು ಶನಿವಾರ ಇಲ್ಲಿನ ಒಂದು ಹಾಲ್‌ನಲ್ಲಿ ಯಾರು ಬಂದರೂ ಊಟ ಹಾಕುತ್ತೇವೆ. ನನ್ನ ಪಾಲಿಗೆ ಬಂದಿರುವುದು ಚಿತ್ರಾನ್ನ. ಒಂದು ಶನಿವಾರ ಬಡಿಸುತ್ತಾ ತಲೆ ಎತ್ತಿದರೆ, ಸಾಲಿನಲ್ಲಿ ಕಪ್ಪು ವೆಲ್ವೆಟ್ ಕೋಟು, ಕುತ್ತಿಗೆಗೆ ಬಿಳಿ ಲೇಸು, ಸೊಂಟಕ್ಕೆ ಖಡ್ಗ ಕಟ್ಟಿಕೊಂಡ ಒಬ್ಬರು ತಟ್ಟೆ ಹಿಡಿದು ನಿಂತಿದ್ದಾರೆ. ಅವರ ಮುಂದೆ ಏಳೆಂಟು ಜನ. ಯಾರೂ ದಾರಿ ಬಿಡಲಿಲ್ಲ, ಅವರೂ ಕೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ ಹೇಳಿದರು, "ನಮ್ಮ ಕೌಂಟಿಯ ಹೈ ಶೆರಿಫ್. ಯಾವುದೋ ಸಮಾರಂಭ ಮುಗಿಸಿ ನೇರ ಬಂದಿದ್ದಾರೆ." ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಹೈ ಶೆರಿಫ್ ಅಂದರೆ ಅಲ್ಲಿ ರಾಜರ ಪ್ರತಿನಿಧಿ.

ಅವರು ನಿಂತೇ ಚಿತ್ರಾನ್ನ ತಿಂದರು. ಶೇಂಗಾ ಹುರಿಯುವುದು ಹೇಗೆ ಅಂತ ಕೇಳಿದರು. ಹೋಗುವಾಗ ನಮ್ಮ ಒಬ್ಬೊಬ್ಬರ ಹತ್ತಿರವೂ ಬಂದು, ನಿಮಗೆ ಯಾವುದರ ಕಷ್ಟ ಇದೆ ಅಂತ ವಿಚಾರಿಸಿದರು. ವಾರ ಕಳೆಯುವುದರೊಳಗೆ ಕೈಬರಹದ ಒಂದು ಪತ್ರ ಬಂತು. ಅದರಲ್ಲಿ ಅಡುಗೆ ಮಾಡಿದವರ ಹೆಸರೆಲ್ಲ ಇತ್ತು. ನನ್ನ ಹೆಸರೂ, ಒಂದಕ್ಷರ ತಪ್ಪಿಲ್ಲದೆ.

ಅದೇ ವಾರ ಊರಿನಿಂದ ಅಪ್ಪ ಫೋನ್ ಮಾಡಿದ್ದರು. ಪಹಣಿಯಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಾಗಿದೆ. ಅದನ್ನು ಸರಿಮಾಡಿಸಲು ಮೂರನೇ ಸಲ ಕಚೇರಿಗೆ ಹೋಗಿ ಬಂದಿದ್ದರು. ಒಂದು ದಿನ ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ, ಇನ್ನೊಂದು ದಿನ ಸರ್ವರ್ ಡೌನ್. ಮೂರನೇ ದಿನ ಬಾಗಿಲಲ್ಲಿ ಒಬ್ಬ, "ಏನಾದರೂ ನೋಡ್ಕೊಳ್ಳಿ ಯಜಮಾನ್ರೇ" ಅಂದನಂತೆ. ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವರು ನಮ್ಮಪ್ಪ. ಕೂರಲು ಒಂದು ಕುರ್ಚಿಯೂ ಸಿಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಶೆರಿಫ್ ಅನ್ನುವವರು ಮೊದಲಿನಿಂದಲೂ ಹೀಗೇ ಇದ್ದರಾ ಅಂತ ಹುಡುಕಿಕೊಂಡು ಹೋದೆ.

ಇರಲಿಲ್ಲ. ಹುದ್ದೆ ಸಾವಿರ ವರ್ಷಕ್ಕಿಂತ ಹಳೆಯದು. 'ಶೈರ್' ಅಂದರೆ ಸೀಮೆ, 'ರೀವ್' ಅಂದರೆ ಪಾರುಪತ್ತೇಗಾರ. ಎರಡೂ ಸೇರಿ ಶೆರಿಫ್. ಕಂದಾಯ, ನ್ಯಾಯ, ಜೈಲು, ದಂಡು, ಎಲ್ಲವೂ ಒಬ್ಬರ ಕೈಯಲ್ಲಿ. ಎಷ್ಟೋ ಸಲ ಸೀಮೆಯನ್ನೇ ಗುತ್ತಿಗೆ ಹಿಡಿಯುತ್ತಿದ್ದರು. ರಾಜನಿಗೆ ಇಂತಿಷ್ಟು ಅಂತ ಕಟ್ಟಿದರೆ, ಮೇಲೆ ಹಿಂಡಿದ್ದೆಲ್ಲ ಅವರದೇ. ವರ್ಷಕ್ಕೊಮ್ಮೆ ರಾಜನ ಖಜಾನೆಗೆ ಹೋಗಿ, ಚೌಕಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಲೆಕ್ಕ ಒಪ್ಪಿಸಬೇಕು. ನಮ್ಮ ಜಮಾಬಂದಿ ಇದ್ದ ಹಾಗೆ. ಆ ಲೆಕ್ಕದ ಸುರುಳಿಗಳಲ್ಲಿ 1130ರದ್ದು ಇವತ್ತಿಗೂ ಉಳಿದಿದೆ.

ಕಾಟ ಎಷ್ಟಿತ್ತೆಂದರೆ, 1170ರಲ್ಲಿ ಎರಡನೇ ಹೆನ್ರಿ ವಿಚಾರಣೆ ನಡೆಸಿ ಬಹುಪಾಲು ಶೆರಿಫ್‌ಗಳನ್ನು ಕಿತ್ತುಹಾಕಿದ. 1215ರಲ್ಲಿ ಸರದಾರರು ರಾಜನಿಂದ ಬರೆಸಿಕೊಂಡ ಹಕ್ಕುಪತ್ರ, ಮ್ಯಾಗ್ನಾ ಕಾರ್ಟಾ, ನೋಡಿ. ಅಧಿಕಾರಿಗಳು ಹಣ ಕೊಡದೆ ಯಾರ ಕಾಳನ್ನೂ ತೆಗೆದುಕೊಳ್ಳಬಾರದು, ಒಪ್ಪಿಗೆ ಇಲ್ಲದೆ ಯಾರ ಕುದುರೆ, ಗಾಡಿಯನ್ನೂ ಎಳೆದೊಯ್ಯಬಾರದು ಅಂತ ಬರೆಸಿಕೊಂಡಿದ್ದಾರೆ. ಹಾಗೆ ಬರೆಸಬೇಕಾಯಿತು ಅಂದರೆ, ಎಷ್ಟು ಮನೆಗಳ ಕಣಜ ಖಾಲಿಯಾಗಿರಬೇಕು ಯೋಚಿಸಿ. ಆಗ ನಾಟಿಂಗ್‌ಹ್ಯಾಮ್ ಸೀಮೆಯ ಶೆರಿಫ್ ಆಗಿದ್ದ ಫಿಲಿಪ್ ಮಾರ್ಕ್‌ನ ಹೆಸರನ್ನೇ ಹಿಡಿದು, ಅವನನ್ನು ತೆಗೆದುಹಾಕಬೇಕೆಂದು ಅದರಲ್ಲಿ ಹೇಳಿದೆ.

ಆಮೇಲೆ ಒಂದೊಂದಾಗಿ ಕತ್ತರಿ ಬಿತ್ತು. 14ನೇ ಶತಮಾನದಲ್ಲಿ ಅವಧಿ ಒಂದೇ ವರ್ಷ ಅಂತಾಯಿತು. ನ್ಯಾಯ ಹೇಳುವ ಕೆಲಸ ರಾಜನ ನ್ಯಾಯಾಧೀಶರಿಗೆ ಹೋಯಿತು. ಎಂಟನೇ ಹೆನ್ರಿಯ ಕಾಲದಲ್ಲಿ ಲಾರ್ಡ್ ಲೆಫ್ಟಿನೆಂಟ್ ಅನ್ನುವ ಹೊಸ ಹುದ್ದೆ ಬಂದು, ದಂಡು ಕೂಡಿಸುವ ಕೆಲಸವೂ ಕೈಬಿಟ್ಟಿತು.

ಆದರೆ ಜೈಲು ಅವರ ಬಳಿಯೇ ಉಳಿದಿತ್ತು. ಇಲ್ಲಿಗೆ ಬರುತ್ತಾನೆ ನಮ್ಮೂರಿನವನು, ಜಾನ್ ಹೋವರ್ಡ್. ಸೇಂಟ್ ಪಾಲ್ಸ್ ಸ್ಕ್ವೇರ್‌ನಲ್ಲಿ ಅವನ ಪ್ರತಿಮೆ ಇದೆ. ಎಷ್ಟೋ ವರ್ಷ ಅದರ ಮುಂದೆಯೇ ಸುಮ್ನೆ ಓಡಾಡಿದ್ದೇನೆ. 1773ರಲ್ಲಿ ಅವನು ಬೆಡ್‌ಫರ್ಡ್‌ಶೈರ್‌ನ ಹೈ ಶೆರಿಫ್ ಆದ. ಸಾಮಾನ್ಯವಾಗಿ ಶೆರಿಫ್ ಆದವರು ಜೈಲಿನ ಕಡೆ ತಲೆ ಹಾಕುತ್ತಿರಲಿಲ್ಲ, ಕೆಳಗಿನವರಿಗೆ ಬಿಟ್ಟುಬಿಡುತ್ತಿದ್ದರು. ಇವನು ತಾನೇ ಒಳಗೆ ಹೋದ.

ಒಳಗೆ ಕಂಡದ್ದೇನು? ತಪ್ಪಿಲ್ಲ ಅಂತ ಕೋರ್ಟೇ ಬಿಟ್ಟವರು ಇನ್ನೂ ಜೈಲಿನಲ್ಲೇ ಇದ್ದರು. ಯಾಕೆಂದರೆ ಜೈಲರ್‌ಗೆ ಸಂಬಳ ಇರಲಿಲ್ಲ. ಕೈದಿಗಳು ಕೊಡುವ ಫೀಸೇ ಅವನ ಜೀವನ. ಫೀಸು ಕಟ್ಟುವವರೆಗೆ ಬಾಗಿಲು ತೆಗೆಯುತ್ತಿರಲಿಲ್ಲ. ಹೋವರ್ಡ್ ಸೀಮೆಯ ಮ್ಯಾಜಿಸ್ಟ್ರೇಟರ ಬಳಿ ಹೋಗಿ, ಜೈಲರ್‌ಗೆ ಸಂಬಳ ಕೊಡಿ, ಫೀಸು ನಿಲ್ಲಿಸಿ ಅಂದ. ಬೇರೆ ಕಡೆ ಎಲ್ಲಾದರೂ ಹೀಗೆ ಮಾಡಿದ್ದಾರಾ, ತೋರಿಸು ಅಂದರು. ಕುದುರೆ ಹತ್ತಿ ಪಕ್ಕದ ಸೀಮೆಗಳಿಗೆ ಹೊರಟ. ಎಲ್ಲಿ ಹೋದರೂ ಅದೇ ಕಥೆ, ಜೊತೆಗೆ ಜೈಲು ಜ್ವರ. ಬಟ್ಟೆಗೆ ಜೈಲಿನ ನಾತ ಎಷ್ಟು ಅಂಟುತ್ತಿತ್ತೆಂದರೆ, ಮುಚ್ಚಿದ ಗಾಡಿಯಲ್ಲಿ ಕೂರಲಾಗದೆ ಕುದುರೆಯ ಮೇಲೇ ಓಡಾಡುತ್ತಿದ್ದನಂತೆ. 1774ರಲ್ಲಿ ಪಾರ್ಲಿಮೆಂಟಿನ ಮುಂದೆ ಕಂಡದ್ದನ್ನೆಲ್ಲ ಹೇಳಿದ. ಅದೇ ವರ್ಷ ಕಾನೂನು ಬಂತು. ಕೋರ್ಟು ಬಿಟ್ಟವರನ್ನು ಫೀಸಿಗಾಗಿ ಹಿಡಿದಿಡುವಂತಿಲ್ಲ.

ಅವನ ಹುದ್ದೆ ಇದ್ದದ್ದು ಒಂದೇ ವರ್ಷ. ಜೈಲಿನಿಂದ ಜೈಲಿಗೆ ತಿರುಗುವುದನ್ನು ಮಾತ್ರ ಸಾಯುವವರೆಗೂ ಬಿಡಲಿಲ್ಲ. 1790ರಲ್ಲಿ ದೂರದ, ಈಗಿನ ಉಕ್ರೇನಿನ ಖೆರ್ಸನ್‌ನಲ್ಲಿ ಪ್ರಾಣ ಬಿಟ್ಟ.

ನನ್ನನ್ನು ಕಾಡುವುದು ಅವನು ಎದ್ದು ಹೋಗಿ ನೋಡಿದ ಆ ಒಂದು ನಡೆ. ಮೇಜಿನ ಹಿಂದೆ ಕೂತಿದ್ದರೆ ಬಾಗಿಲ ಹಿಂದಿನ ಜನ ಅವನಿಗೆ ಕಾಣುತ್ತಲೇ ಇರಲಿಲ್ಲ. ನಮ್ಮಲ್ಲಿ ಜನ ಕಚೇರಿಗೆ ಹೋಗುತ್ತಾರೆ, ಕಚೇರಿ ಜನರ ಹತ್ತಿರ ಬರುವುದಿಲ್ಲ. ಬಂದರೂ ಶಾಮಿಯಾನ, ಹಾರ, ಮುಂದೆ ಹಿಂದೆ ಜೀಪು. ನಮ್ಮ ಕಡೆಯ ಎಷ್ಟು ಸಾಹೇಬರು ಸಾಲಿನಲ್ಲಿ ನಿಂತು ತಟ್ಟೆ ಹಿಡಿದಾರು? ಫೀಸು ತಿನ್ನುತ್ತಿದ್ದ ಆ ಜೈಲರ್‌ಗಾದರೂ ಸಂಬಳ ಇರಲಿಲ್ಲ. ಅಪ್ಪನನ್ನು ಬಾಗಿಲಲ್ಲಿ ತಡೆದವನಿಗೆ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ ಅಲ್ವಾ?

ಈಗಿನ ಹೈ ಶೆರಿಫ್‌ಗೆ ಸಂಬಳವೂ ಇಲ್ಲ, ಖರ್ಚಿಗೆ ಸರ್ಕಾರದ ಒಂದು ಪೆನ್ನಿಯೂ ಇಲ್ಲ. ಪ್ರತಿ ವಸಂತದಲ್ಲಿ ರಾಜರು ಹೆಸರುಗಳ ಸುರುಳಿಯಲ್ಲಿ ಬೆಳ್ಳಿಯ ದಬ್ಬಳದಿಂದ ಚುಚ್ಚಿ ಒಂದೊಂದು ಸೀಮೆಗೆ ಒಬ್ಬರನ್ನು ಆರಿಸುತ್ತಾರೆ. ಒಂದು ವರ್ಷ ಕೋರ್ಟು, ಪೊಲೀಸು, ಜೈಲು, ಸೇವಾ ಸಂಸ್ಥೆ ಅಂತ ತಿರುಗಿ, ಮುಂದಿನವರಿಗೆ ಬಿಟ್ಟುಕೊಡುತ್ತಾರೆ.

ಇದನ್ನೆಲ್ಲ ಅಪ್ಪನಿಗೆ ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿ, "ಸಂಬಳ ಇಲ್ಲದೆ ಒಂದು ವರ್ಷ ತಿರುಗೋಕೆ ಯಾರಿಂದ ಆಗುತ್ತಪ್ಪಾ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅನುಕೂಲಸ್ಥರಿಂದ ಮಾತ್ರ ಆಗುತ್ತದೆ, ಅದು ನಿಜ. ಇನ್ನೊಂದನ್ನೂ ಒಪ್ಪಬೇಕು. ಇವರ ಕೈಯಲ್ಲಿ ಈಗ ಯಾರ ಪಹಣಿಯೂ ಇಲ್ಲ. ಹಳೆಯ ಶೆರಿಫ್ ಹೊತ್ತಿದ್ದ ಹೊರೆ ಇವತ್ತು ಇರುವುದು ನಮ್ಮ ಡಿಸಿಗಳ ತಲೆಯ ಮೇಲೆ. ಕಂದಾಯ, ಚುನಾವಣೆ, ನೆರೆ, ಬರ, ಗಲಾಟೆ, ಎಲ್ಲವೂ. ಅಷ್ಟು ಹೊತ್ತವರ ಬಳಿ ಕೈಬರಹದ ಪತ್ರ ಬಯಸುವುದು ಜಾಸ್ತಿಯೇ ಆಯಿತೇನೋ. ಬಾಗಿಲ ಬಳಿ ಒಂದು ಕುರ್ಚಿ ಬಯಸುವುದು ಮಾತ್ರ ಜಾಸ್ತಿ ಅಲ್ಲ, ಅದನ್ನು ಬಿಟ್ಟುಕೊಡಲಾರೆ.

ಹೋದ ತಿಂಗಳು ಅಪ್ಪನ ಹೆಸರು ಸರಿಯಾಯಿತು. ಹೊಸದಾಗಿ ಬಂದ ಗ್ರಾಮ ಆಡಳಿತಾಧಿಕಾರಿ, ಚಿಕ್ಕ ಹುಡುಗಿ, ಅರ್ಜಿ ನೋಡಿ ಸ್ಕೂಟರ್‌ನಲ್ಲಿ ತಾನೇ ಮನೆಗೆ ಬಂದಳಂತೆ. ಜಗುಲಿಯ ಮೇಲೆ ಕೂತು ಕಾಗದ ನೋಡಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದಳಂತೆ. "ಒಂದು ರೂಪಾಯಿ ಮುಟ್ಟಲಿಲ್ಲ ಕಣೋ" ಅಂತ ಅಪ್ಪ ಎರಡು ಸಲ ಹೇಳಿದರು.

ಇಲ್ಲಿ ಹೊಸ ಶೆರಿಫ್ ಬರುವುದು ಯುಗಾದಿಯ ಆಸುಪಾಸಿನಲ್ಲೇ. ಆ ಶನಿವಾರ ಅವರೂ ಸಾಲಿಗೆ ಬಂದರೆ ಇರಲಿ ಅಂತ, ಈ ಸಲ ಹೋಳಿಗೆಗೆ ಬೇಳೆ ಸ್ವಲ್ಪ ಜಾಸ್ತಿ ತಂದಿಟ್ಟಿದ್ದೇನೆ.