ರೈಲಿನಿಂದ ಏರಿದ ಬೆಲೆ ಯಾರ ಪಾಲಿಗೆ?

ಬ್ರಿಟಿಷರು ರೈಲು ಕೊಟ್ಟರೋ ದೋಚಿದರೋ ಎಂಬ ಜಗಳ ಇಲ್ಲಿ ಮತ್ತೆ ಮತ್ತೆ ಏಳುತ್ತಲೇ ಇರುತ್ತದೆ. ಎರಡೂ ಕಡೆಯವರು ಸೇತುವೆ, ಸುರಂಗ, ಎಂಜಿನ್ನುಗಳ ಲೆಕ್ಕ ಒಪ್ಪಿಸುತ್ತಾರೆ. ಹಳಿ ಕೂತ ನೆಲಕ್ಕೆ ಬೆಲೆ ಕಟ್ಟಿದ್ದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಕುತೂಹಲ ಇರುವುದು ಅದರಲ್ಲೇ.

1849ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗಳ ಜೊತೆ ಒಪ್ಪಂದವಾಯಿತು. ಬಂಡವಾಳ ಲಂಡನ್ನಿನದು. ಅದಕ್ಕೆ ವರ್ಷಕ್ಕೆ ಶೇಕಡಾ 5ರ ಖಾತರಿ. ರೈಲು ಅಷ್ಟು ದುಡಿಯದಿದ್ದರೆ ಕೊರತೆಯನ್ನು ಭಾರತದ ಬೊಕ್ಕಸ ತುಂಬಿಕೊಡಬೇಕು. ಮೇಲೆ 99 ವರ್ಷಕ್ಕೆ ಭೂಮಿ ಪುಕ್ಕಟೆ. ಪುಕ್ಕಟೆ ಎಂದರೆ ಕಂಪನಿಗೆ. ಜಮೀನು ಕಳೆದುಕೊಂಡವರಿಗೆ ಸರ್ಕಾರ ಹಣ ಕೊಡಬೇಕಿತ್ತು, ಆ ಹಣ ಬರಬೇಕಾದದ್ದು ರೈತರೇ ಕಟ್ಟುವ ಕಂದಾಯದಂಥ ಮೂಲಗಳಿಂದ. ಹೀಗಾಗಿ ಬೆಲೆಯ ಜಗಳವೆಲ್ಲ ಕಲೆಕ್ಟರ್ ಮತ್ತು ಹೊಲದವರ ನಡುವೆ. ಲಾಭದ ಮೇಲೆ ಕಣ್ಣಿಟ್ಟವರು ಆ ಚೌಕಾಸಿಯ ಹತ್ತಿರವೂ ಸುಳಿಯಬೇಕಾಗಿರಲಿಲ್ಲ.

ಆ ಚೌಕಾಸಿಯಲ್ಲಿ ಸರ್ಕಾರ ಬಲು ಜಿಪುಣ. ಉಳಿದ ಖರ್ಚಿನಲ್ಲಿ? ಮೈಲಿಗೆ 8,000 ಪೌಂಡ್ ಎಂದು ಅಂದಾಜಿಸಿದ್ದ ಕೆಲಸಕ್ಕೆ ಸರಾಸರಿ 18,000 ಪೌಂಡ್‌ನಷ್ಟು ಸುರಿಯಿತು. ಹಿಂದೆ ಭಾರತ ಸರ್ಕಾರದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಸಂಸದೀಯ ಸಮಿತಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು: ಶೇಕಡಾ 5ರ ಖಾತರಿ ಇರುವವರೆಗೆ ತನ್ನ ಹಣವನ್ನು ಹೂಗ್ಲಿ ನದಿಗೆ ಎಸೆದರೂ ಇಟ್ಟಿಗೆ ಗಾರೆಗೆ ಹಾಕಿದರೂ ಇಂಗ್ಲೆಂಡಿನ ಬಂಡವಾಳಗಾರನಿಗೆ ಒಂದೇ.

ಇನ್ನು ಕಾನೂನು. 1857ರ ಭೂಸ್ವಾಧೀನ ಕಾಯ್ದೆಯಲ್ಲಿ ಬೆಲೆಯ ತಕರಾರು ಪಂಚಾಯಿತಿದಾರರ, ಅಂದರೆ ಮಧ್ಯಸ್ಥರ, ಮುಂದೆ ಹೋಗುತ್ತಿತ್ತು. ಅವರು ಅಸಮರ್ಥರು, ಕೆಲವೊಮ್ಮೆ ಭ್ರಷ್ಟರು, ಸಿಕ್ಕಾಪಟ್ಟೆ ಪರಿಹಾರ ಕೊಡಿಸುತ್ತಾರೆ ಎಂದು ಸರ್ಕಾರ ದೂರಿತು. 1870ರಲ್ಲಿ ಆ ಏರ್ಪಾಡನ್ನೇ ತೆಗೆದು ತಕರಾರನ್ನು ಸಿವಿಲ್ ನ್ಯಾಯಾಲಯಕ್ಕೆ ಒಯ್ದರು. ಪಂಚಾಯಿತಿದಾರರಲ್ಲಿ ಲಂಚಕೋರರು ಇದ್ದಿರಬಹುದು, ಇರಲಿ. ಆದರೆ ಖರ್ಚು ಎರಡು ಪಟ್ಟು ಮೀರಿಸಿದ ಗುತ್ತಿಗೆಗಳ ಮೇಲೆ ಇಷ್ಟು ಚುರುಕಾಗಿ ಕಾಯ್ದೆ ಹೊರಡಲಿಲ್ಲವಲ್ಲ!

ಮುಂದೆ 1894ರ ಕಾಯ್ದೆ. ನಮ್ಮ ಅಪ್ಪಂದಿರೂ ಅಜ್ಜಂದಿರೂ ಜಮೀನು ಕಳೆದುಕೊಂಡದ್ದು ಇದರ ಅಡಿಯಲ್ಲೇ. 2013ರ ಕೊನೆಯವರೆಗೂ ಬದುಕಿತ್ತು. ಹೊಲ ಎರಡು ಹೋಳಾದರೆ ಆ ನಷ್ಟಕ್ಕೂ ಪರಿಹಾರವಿತ್ತು, ಬಲವಂತದ ಸ್ವಾಧೀನಕ್ಕೆಂದು ಶೇಕಡಾ 15 (1984ರಿಂದ 30) ಹೆಚ್ಚುವರಿ ಹಣವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ 24ನೇ ಕಲಮನ್ನು ಒಮ್ಮೆ ಓದಿ ನೋಡಿ. ಬೆಲೆ ಕಟ್ಟುವಾಗ ನ್ಯಾಯಾಲಯ ಏನನ್ನು ಗಣಿಸಬಾರದು ಎಂಬ ಪಟ್ಟಿ ಅದು. ಭೂಮಿ ಬಿಟ್ಟುಕೊಡಲು ಒಡೆಯನಿಗೆ ಮನಸ್ಸಿಲ್ಲ ಎಂಬುದನ್ನು ಗಣಿಸಬಾರದು. ಯಾವ ಉದ್ದೇಶಕ್ಕೆ ಭೂಮಿ ತೆಗೆದುಕೊಳ್ಳುತ್ತಿದ್ದಾರೋ ಆ ಉದ್ದೇಶದಿಂದ ಏರಬಹುದಾದ ಬೆಲೆಯನ್ನೂ ಗಣಿಸಬಾರದು. ರೈಲು ಬಂದ ಮೇಲೆ ಪಕ್ಕದ ಹೊಲದವನು ಏರಿದ ಬೆಲೆಗೆ ಮಾರಿಕೊಳ್ಳಬಹುದು; ರೈಲಿಗೆ ಜಾಗ ಬಿಟ್ಟವನಿಗೆ ಹಳೆಯ ಬೆಲೆ.

1984ರ ತಿದ್ದುಪಡಿಯವರೆಗೆ 25ನೇ ಕಲಮು ಇನ್ನೂ ಕಠೋರವಾಗಿತ್ತು. ನೋಟಿಸ್ ಬಂದಾಗ ಇಂತಿಷ್ಟು ಬೇಕು ಎಂದು ಕೇಳದೆ ಸುಮ್ಮನಿದ್ದು, ಅದಕ್ಕೆ ನ್ಯಾಯಾಧೀಶರು ಒಪ್ಪುವ ಕಾರಣ ಇಲ್ಲದಿದ್ದರೆ, ನ್ಯಾಯಾಲಯ ಕಲೆಕ್ಟರ್ ಗೊತ್ತುಮಾಡಿದ್ದಕ್ಕಿಂತ ಒಂದು ಕಾಸೂ ಹೆಚ್ಚು ಕೊಡುವಂತಿರಲಿಲ್ಲ. ಹಣವನ್ನು ಆಕ್ಷೇಪಣೆ ದಾಖಲಿಸದೆ ಪಡೆದುಕೊಂಡರೆ ನ್ಯಾಯಾಲಯದ ದಾರಿಯೇ ಬಂದ್. ಹೆಬ್ಬೆಟ್ಟು ಒತ್ತುವ ರೈತನಿಗೆ ಇದನ್ನೆಲ್ಲ ವಿವರಿಸುವವರು ಯಾರು?

ಏರಿಕೆಯನ್ನು ಸೃಷ್ಟಿಸುವುದು ಸಾರ್ವಜನಿಕ ಹಣ, ಅದು ಒಬ್ಬ ಒಡೆಯನಿಗೆ ಏಕೆ ಹೋಗಬೇಕು ಎಂದು ವಕೀಲ ಮಿತ್ರರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ತರ್ಕದಲ್ಲಿ ತಪ್ಪಿಲ್ಲ. ಆದರೆ ಅದೇ ತರ್ಕವನ್ನು ಷೇರುದಾರನಿಗೂ ಹಚ್ಚಬೇಕಿತ್ತು. ಕಂಪನಿಯನ್ನು ಸರ್ಕಾರ ಕೊಳ್ಳುವುದಾದರೆ ಹಿಂದಿನ ಮೂರು ವರ್ಷ ಲಂಡನ್ ಮಾರುಕಟ್ಟೆಯಲ್ಲಿ ಷೇರಿಗಿದ್ದ ಸರಾಸರಿ ಬೆಲೆ ಕೊಡಬೇಕು ಎಂದು ಒಪ್ಪಂದದಲ್ಲೇ ಬರೆದಿತ್ತು. 1879ರ ಕಾಯ್ದೆಯಂತೆ ಈಸ್ಟ್ ಇಂಡಿಯನ್ ರೈಲ್ವೆಯನ್ನು ಕೊಂಡಾಗ ಷೇರಿಗೆ ಸಿಕ್ಕಿದ್ದು ಮುಖಬೆಲೆಗಿಂತ ಹೆಚ್ಚು. 1953ರವರೆಗೆ ವರ್ಷಾಶನ ಕೊಡುವ ಕರಾರೂ ಆಯಿತು. ಆ ಷೇರಿನ ಬೆಲೆಯಲ್ಲಿ ಏನೇನಿತ್ತು? ಪುಕ್ಕಟೆ ಭೂಮಿ ಇತ್ತು, ಬೊಕ್ಕಸದ ಖಾತರಿ ಇತ್ತು, ರೈಲು ತಂದ ಏರಿಕೆಯೂ ಇತ್ತು. ಇಲ್ಲಿ ಯಾವುದನ್ನೂ ಕಳೆಯಲಿಲ್ಲ.

ನಮ್ಮ ಮೈಸೂರಿನ ಕತೆಯಲ್ಲಿ ಚೌಕಾಸಿಗೂ ಜಾಗವಿರಲಿಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದ ಪತ್ರದಲ್ಲೇ ಷರತ್ತು: ಬ್ರಿಟಿಷ್ ಸರ್ಕಾರ ರೈಲು ಹಾಕಬಯಸಿದರೆ ಮಹಾರಾಜರು ಭೂಮಿಯನ್ನು ಉಚಿತವಾಗಿ ಕೊಡಬೇಕು, ಆ ಭೂಮಿಯ ಮೇಲಿನ ಪೂರ್ಣ ಅಧಿಕಾರವನ್ನೂ ಗವರ್ನರ್ ಜನರಲ್‌ಗೆ ಒಪ್ಪಿಸಬೇಕು. ತಮ್ಮ ಸೀಮೆಯಲ್ಲಿ ತಾವೇ ಹಳಿ ಹಾಕಬೇಕೆಂದರೂ ಅವರ ಅನುಮತಿ ಬೇಕು. ಅರಮನೆಗೇ ಬೆಲೆ ಕೇಳುವ ಹಕ್ಕು ಇಲ್ಲದ ಮೇಲೆ ರೈತನ ಮಾತೇನು?

2013ರ ಕಾಯ್ದೆ ಬಹಳಷ್ಟು ಸುಧಾರಿಸಿದೆ, ನಿಜ. ಹೆಚ್ಚುವರಿ ಹಣ ಶೇಕಡಾ 100 ಆಗಿದೆ. ಏರಿಕೆಯಲ್ಲಿ ಪಾಲು ಎಂಬ ಮಾತೂ ಅದರಲ್ಲಿ ಬಂದಿದೆ: ಸ್ವಾಧೀನಪಡಿಸಿಕೊಂಡ ಭೂಮಿಯನ್ನು ಅಭಿವೃದ್ಧಿಪಡಿಸದೆ ಬೇರೆಯವರಿಗೆ ಮಾರಿದರೆ ಏರಿದ ಬೆಲೆಯ ಶೇಕಡಾ 40ನ್ನು ಮೂಲ ಒಡೆಯರಿಗೆ ಹಂಚಬೇಕು. ಗಮನಿಸಿ, ಏನನ್ನೂ ಕಟ್ಟದೆ ಮಾರಿದರೆ ಮಾತ್ರ. ಹಳಿ ಹಾಕಿ ರೈಲು ಓಡಿಸಿದರೆ ಆ ಪಾಲು ಇಲ್ಲ.