ರಾಷ್ಟ್ರಗೀತೆ ಹಾಡದ ವಿದ್ಯಾರ್ಥಿಗೆ ಶಾಲೆ ವಿನಾಯಿತಿ ಕೊಡಬೇಕೆ?

ಪರ: ಸುಮ್ಮನೆ ನಿಂತರೂ ಅದು ಗೌರವವೇ

1985ರ ಜುಲೈ 26ರಂದು ಕೇರಳದ ಶಾಲೆಯೊಂದು ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಿತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಆ ಮಕ್ಕಳು ಬೆಳಗಿನ ಸಾಲಿನಲ್ಲಿ ಎಲ್ಲರಂತೆ ನೆಟ್ಟಗೆ ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡುತ್ತಿರಲಿಲ್ಲ. ಶಾಸಕರೊಬ್ಬರು ಅದನ್ನು ವಿಧಾನಸಭೆಗೆ ಒಯ್ದರು. ವಿಚಾರಣೆಗೆ ನೇಮಿಸಿದ ಆಯೋಗ ಮಕ್ಕಳು ಅಗೌರವ ತೋರಿಲ್ಲ ಎಂದು ವರದಿ ಕೊಟ್ಟ ಮೇಲೂ ಅವರನ್ನು ಕಳಿಸಿದ್ದಾಯಿತು. ಹೈಕೋರ್ಟಿನಲ್ಲಿ ಸೋತ ಆ ಮಕ್ಕಳ ಬಿಜೋ ಇಮ್ಯಾನುಯೆಲ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 1986ರ ಆಗಸ್ಟ್ 11ರಂದು.

ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಆ ತೀರ್ಪಿನ ತಿರುಳು ಸರಳ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯ 3ನೇ ಸೆಕ್ಷನ್ ಶಿಕ್ಷಿಸುವುದು ಹಾಡುವುದನ್ನು ಬೇಕೆಂದೇ ತಡೆದವರನ್ನು, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡಿದವರನ್ನು. ಬಾಯಿ ಮುಚ್ಚಿ ನಿಂತವರು ಎರಡನ್ನೂ ಮಾಡಿಲ್ಲ. ಎಲ್ಲರೂ ಹಾಡಲೇಬೇಕೆನ್ನುವ ಕಾನೂನೇ ಇರಲಿಲ್ಲ. ಶಿಕ್ಷಣ ಇಲಾಖೆಯ ಕೈಯಲ್ಲಿದ್ದದ್ದು ಸುತ್ತೋಲೆ. 19ನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸುತ್ತೋಲೆ ಸಾಲದು. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಸರಕಾರ ಶಾಲೆ, ಪಿಯು ಕಾಲೇಜುಗಳಲ್ಲಿ ದಿನವೂ ರಾಷ್ಟ್ರಗೀತೆ ಕಡ್ಡಾಯವೆಂದು ಆದೇಶಿಸಿತಲ್ಲ, ಅದನ್ನು ಜಾರಿ ಮಾಡುವ ಮುಖ್ಯ ಶಿಕ್ಷಕರಿಗೂ ಇದು ಗೊತ್ತಿರಬೇಕು. ಶಾಲೆ ಹಾಡಿಸಬಹುದು, ಹಾಡದ ಮಗುವನ್ನು ದಂಡಿಸುವಂತಿಲ್ಲ.

ಎಡವಟ್ಟಾಗುವುದು ಮೈದಾನದಲ್ಲಿ. ಪಿಟಿ ಮೇಷ್ಟ್ರು ತುಟಿ ನೋಡಿ ಮಗುವನ್ನು ಮುಂದೆ ಕರೆಯುತ್ತಾರೆ, ಅಪ್ಪ ಅಮ್ಮನಿಗೆ ಹೇಳಿ ಕಳಿಸುತ್ತಾರೆ, ಕೊನೆಗೆ ಟಿಸಿ ಮಾತು ಬರುತ್ತದೆ. ಎಂಟನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಉಚ್ಚಾಟನೆಯನ್ನೂ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸಿವೆ. ಆದರೆ ಪೋಷಕರೇ ಟಿಸಿ ಕೇಳಿದರೆಂದು ಬರೆಸಿಕೊಂಡರೆ ದಾಖಲೆಯಲ್ಲಿ ಉಚ್ಚಾಟನೆಯ ಸುಳಿವೇ ಸಿಗದು. ಅದಕ್ಕೇ ಬರಹದ ನಿಯಮ ಬೇಕು: ವರ್ಷಾರಂಭದಲ್ಲಿ ಪೋಷಕರಿಂದ ಒಂದು ಪತ್ರ, ಕಾರಣ ಕೇಳಬಾರದು, ಮಗು ತನ್ನ ಸಾಲಿನಲ್ಲೇ ನಿಲ್ಲಬೇಕು, ಟಿಸಿಯಲ್ಲಾಗಲಿ ನಡತೆ ಪತ್ರದಲ್ಲಾಗಲಿ ಈ ವಿಷಯ ಬರಬಾರದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ನಮ್ಮ ಸರಕಾರಿ ಶಾಲೆಗಳಿಗೆ ಇದೇನು ಹೊಸ ವಿದ್ಯೆಯೇ?

ವಿರೋಧ: ಹಕ್ಕು ಕಾಗದಕ್ಕಿಳಿದರೆ ಪಟ್ಟಿ ಹುಟ್ಟುತ್ತದೆ

ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಸಿಗುತ್ತದೆ. ರಾಷ್ಟ್ರಗೀತೆಯ 52 ಸೆಕೆಂಡಿಗೆ ಬದಲಿಯಾಗಿ ಏನು ಕೊಡುತ್ತೀರಿ?

1986ರ ತೀರ್ಪಿನ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿ ನ್ಯಾಯಾಲಯ ನೋಡಿದ್ದು ಪ್ರಾಮಾಣಿಕವಾಗಿ ಪಾಲಿಸುತ್ತಿದ್ದ ಒಂದು ಧಾರ್ಮಿಕ ನಂಬಿಕೆಯನ್ನು. ಕಾರಣವನ್ನೇ ಕೇಳಬಾರದ ವಿನಾಯಿತಿ ಬೇರೆ ಮಾತು. ಅದಕ್ಕೆ ಸಹಿ ಹಾಕುವವರು ಯಾರು? ಆ ಮೂವರಲ್ಲಿ ಕಿರಿಯ ಮಗು ಓದುತ್ತಿದ್ದದ್ದು ಐದನೇ ತರಗತಿಯಲ್ಲಿ. ಆ ವಯಸ್ಸಿನ ಮಗುವಿನ ಆತ್ಮಸಾಕ್ಷಿ ಎಂದು ನಾವು ಕರೆಯುವುದು ಬಹುಪಾಲು ಅಪ್ಪನ ರುಜುವನ್ನು. ಮಗುವಿಗೆ ಗೆಳತಿಯರ ಜೊತೆ ಹಾಡಬೇಕೆನಿಸಿ ಅಪ್ಪ ಪತ್ರ ಕೊಟ್ಟಿದ್ದರೆ ಮೇಷ್ಟ್ರು ಯಾರ ಮಾತು ಕೇಳಬೇಕು?

ಇನ್ನು ಪತ್ರದ ಗತಿ. ಪತ್ರವೆಂದರೆ ಫೈಲು, ಫೈಲೆಂದರೆ ಹೆಸರುಗಳ ಪಟ್ಟಿ. ನಲವತ್ತು ಮಕ್ಕಳು, ಇಬ್ಬರು ಶಿಕ್ಷಕರಿರುವ ಹಳ್ಳಿಶಾಲೆಯಲ್ಲಿ ಯಾರ ಮನೆಯಿಂದ ಪತ್ರ ಬಂತೆಂಬುದು ಸಂಜೆಯೊಳಗೆ ಅರಳಿಕಟ್ಟೆ ತಲುಪಿರುತ್ತದೆ. ಸಾಲಿನ ನಡುವೆ ಯಾರ ಕಣ್ಣಿಗೂ ಬೀಳದೆ ಸುಮ್ಮನಿದ್ದ ಮಗುವಿಗೆ ಹಣೆಪಟ್ಟಿ ಅಂಟಿಸುವುದು ಇದೇ ಕಾಗದ.

ಅಮೆರಿಕದ ಸುಪ್ರೀಂ ಕೋರ್ಟು 1943ರ ಬಾರ್ನೆಟ್ ತೀರ್ಪಿನಲ್ಲಿ ಧ್ವಜವಂದನೆಯ ಒತ್ತಾಯವನ್ನು ರದ್ದು ಮಾಡಿದ್ದನ್ನು ಈ ವಾದದಲ್ಲಿ ಆಗಾಗ ಎಳೆದು ತರುತ್ತಾರೆ. ಅಲ್ಲಿ ಮಕ್ಕಳಿಂದ ಹೇಳಿಸುತ್ತಿದ್ದದ್ದು ನಿಷ್ಠೆಯ ಪ್ರತಿಜ್ಞೆ. ನಮ್ಮ ರಾಷ್ಟ್ರಗೀತೆಯಲ್ಲಿ ಪ್ರತಿಜ್ಞೆಯಿಲ್ಲ. ಅಲ್ಲಿ ಪ್ರತಿಜ್ಞೆಯ ಹೊತ್ತಿನಲ್ಲಿ ಕೂತಿರುವ ಹಕ್ಕಿನವರೆಗೂ ಮಾತು ಬೆಳೆದಿದೆ. ಇಲ್ಲಿ ಆ ಮೂವರು ಗೆದ್ದದ್ದು ಎದ್ದು ನಿಂತಿದ್ದರಿಂದಲೇ. ನಮೂನೆಗೆ 'ವಿನಾಯಿತಿ' ಎಂದು ಹೆಸರಿಟ್ಟ ಮೇಲೆ ಸಾಲಿಗೇ ಬರದೆ ಹದಿನೈದು ನಿಮಿಷ ತಡವಾಗಿ ಬರುತ್ತೇವೆ ಎನ್ನುವವರನ್ನು ಹೇಗೆ ತಡೆಯುತ್ತೀರಿ?

ಪಿಟಿ ಮೇಷ್ಟ್ರು ತುಟಿ ನೋಡುವುದೇ ರೋಗವಾದರೆ ಮದ್ದು ಅವರಿಗೆ ಕೊಡಬೇಕು. ಎಲ್ಲರನ್ನೂ ನಿಲ್ಲಿಸಿ, ಯಾರು ಹಾಡಿದರೆಂದು ಪರೀಕ್ಷಿಸಬೇಡಿ ಎಂದು ಬಿಇಒ ಕಚೇರಿಯಿಂದ ಒಂದು ಸಾಲಿನ ಸೂಚನೆ ಹೋಗಲಿ. ಮಕ್ಕಳ ಹೆಸರು ಬರೆದ ಅರ್ಜಿ ಬೇಡ.